ಜುಲೈನಲ್ಲಿ ಕುದುರೆಮುಖ: ಆರು ಜನ ಫ್ರೆಂಡ್ಸ್, ಇಬ್ಬರಿಗೆ ಇದೇ ಮೊದಲ ಟ್ರೆಕ್, ಹಳ್ಳ ದಾಟೋ ಬಗ್ಗೆ ಗೊತ್ತಿರೋರು ಹೇಳಿ

ಹಾಸನದ_ಆರು

ಎಲ್ಲರಿಗೂ ನಮಸ್ಕಾರ. ನಾವು ಆರು ಜನ, ಹಾಸನದಲ್ಲಿ ಒಟ್ಟಿಗೆ ಇಂಜಿನಿಯರಿಂಗ್ ಓದಿದವ್ರು, ಈಗ ಎಲ್ಲರೂ ಬೆಂಗಳೂರಲ್ಲೇ ಇದ್ರೂ ಆರೂ ಜನ ಒಂದೇ ಕಡೆ ಸೇರಿ ಎರಡು ವರ್ಷ ಆಗೋಯ್ತು. ಈ ಸಲ ಏನೇ ಆಗ್ಲಿ ಮಳೆಗಾಲದಲ್ಲೇ ಕುದುರೆಮುಖ ಹತ್ಬೇಕು ಅಂತ ತೀರ್ಮಾನ ಮಾಡಿ ಜುಲೈ ಎರಡನೇ ಶನಿವಾರಕ್ಕೆ ಅರಣ್ಯ ಇಲಾಖೆ ವೆಬ್‌ಸೈಟಲ್ಲಿ ಬುಕ್ ಮಾಡಿದೀವಿ. ಶುಕ್ರವಾರ ರಾತ್ರಿ ಬಸ್ಸು, ಶನಿವಾರ ಬೆಳಗ್ಗೆ ಕಳಸದಲ್ಲಿ ಇಳಿದು ಬಾಳೆಗಲ್, ಅಲ್ಲಿಂದ ಜೀಪಲ್ಲಿ ಮುಳ್ಳೋಡಿ, ಬ್ಯಾಗ್ ಇಟ್ಟು ತಿಂಡಿ ತಿಂದು ಹತ್ತೋಕೆ ಶುರು, ಇದು ಪ್ಲಾನ್.

ನಾಲ್ಕು ಜನ ಸಾವನದುರ್ಗ, ಸ್ಕಂದಗಿರಿ ಎಲ್ಲಾ ಮಾಡಿದೀವಿ, ಆದ್ರೆ ಮಲೆನಾಡಿನ ಮಳೆಯಲ್ಲಿ ಯಾರೂ ನಡೆದಿಲ್ಲ, ಇನ್ನಿಬ್ಬರಿಗೆ ಟ್ರೆಕ್ಕೇ ಮೊದಲ ಸಲ. ಅದರಲ್ಲಿ ಒಬ್ಬಳಿಗೆ ಈಜು ಬರಲ್ಲ, ದಾರಿಯಲ್ಲಿ ಹಳ್ಳ ದಾಟ್ಬೇಕು ಅಂತ ಎಲ್ಲೋ ವಿಡಿಯೋದಲ್ಲಿ ನೋಡಿದಾಗಿಂದ ದಿನಾ ರಾತ್ರಿ ನಂಗೆ ಮೆಸೇಜ್ ಮಾಡ್ತಾಳೆ, "ಎಷ್ಟು ಆಳ ಇರುತ್ತೋ, ಹಗ್ಗ ಇರುತ್ತೇನೋ" ಅಂತ. ಇನ್ನೊಬ್ಬನ ಅಮ್ಮ 2024ರಲ್ಲಿ ಲೋನಾವಳದ ಭೂಶಿ ಡ್ಯಾಮ್ ಹತ್ರ ಒಂದೇ ಕುಟುಂಬದವ್ರು ನೀರಲ್ಲಿ ಕೊಚ್ಚಿ ಹೋದ ವಿಡಿಯೋ ನೋಡಿ ಮಗನ್ನ ಕಳಿಸೋದೇ ಇಲ್ಲ ಅಂತ ಕೂತಿದ್ದಾರೆ. ಪ್ಲಾನ್ ಮಾಡಿದ್ದು ನಾನು, ಹಾಗಾಗಿ ಇಬ್ಬರಿಗೂ ಉತ್ತರ ಕೊಡ್ಬೇಕಾದವ್ನೂ ನಾನೇ, ಸುಮ್ನೆ "ಏನೂ ಆಗಲ್ಲ ಬಾ" ಅನ್ನೋಕೆ ಮನಸ್ಸಿಲ್ಲ.

ಹಳ್ಳಗಳು ನಿಜವಾಗ್ಲೂ ಎಷ್ಟು ಇರ್ತವೆ, ಜುಲೈನಲ್ಲಿ ದಾಟೋಕಾಗುತ್ತಾ? ಫಾಲ್ಸ್ ಕೆಳಗೆ ನಿಂತು ಸ್ನಾನ ಮಾಡೋ ಆಸೆ ಎಲ್ಲರಿಗೂ ಇದೆ, ಅದು ಸೇಫಾ? ಇನ್ನು ಜಿಗಣೆಗೆ ಏನು ಮಾಡೋದು? ಹೋಗಿ ಬಂದೋರು, ಅದಕ್ಕಿಂತ ಆ ಊರಿನ ಕಡೆಯವ್ರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ಭದ್ರೆ_ದಂಡೆ

ನಾನು ಕಳಸದವನೇ ಮಾರಾಯ್ರೆ, ಅದಕ್ಕೇ ಇದನ್ನ ನೋಡಿ ಸುಮ್ನೆ ಹೋಗೋಕಾಗ್ಲಿಲ್ಲ. ನನ್ನ ಮಾವ ಹತ್ತು ಹನ್ನೆರಡು ವರ್ಷದಿಂದ ಗೈಡ್ ಆಗಿ ಗುಡ್ಡ ಹತ್ತುತ್ತಾ ಇದ್ದಾರೆ, ನಾನೂ ಕಾಲೇಜ್ ರಜೆಯಲ್ಲಿ ಅವರ ಜೊತೆ ಎಷ್ಟೋ ಸಲ ಹೋಗಿದ್ದೇನೆ.

ಮೊದ್ಲು ನಿಮ್ಮ ಪ್ಲಾನಿನ ತಪ್ಪು ಹೇಳ್ತೇನೆ, ಬೇಜಾರು ಮಾಡ್ಕೋಬೇಡಿ. ರಾತ್ರಿ ಇಡೀ ಬಸ್ಸಲ್ಲಿ ಘಾಟಿ ತಿರುವುಗಳಲ್ಲಿ ಕೂತು ಬಂದು ಅವತ್ತೇ ಹತ್ತೋದು ಮಳೆಗಾಲಕ್ಕೆ ಆಗೋ ಮಾತಲ್ಲ. ಕಳಸ ಮುಟ್ಟೋದು ಬೆಳಗ್ಗೆ, ಮುಳ್ಳೋಡಿ ರಸ್ತೆ ಕೆಸರಲ್ಲಿ ಜೀಪು ನಿಧಾನ, ತಿಂಡಿ ಆಗಿ ನೀವು ನಡೆಯೋಕೆ ಶುರು ಮಾಡುವಾಗ ಗಂಟೆ ಹತ್ತು ದಾಟಿರುತ್ತೆ. ಹೋಗಿ ಬರೋದು ಸೇರಿ ಸುಮಾರು 20 ಕಿಲೋಮೀಟರ್ ನಡಿಗೆ, ಮೇಲೆ ಟೆಂಟ್ ಹಾಕೋಕೆ ಬಿಡೋದಿಲ್ಲ, ಸಂಜೆಯೊಳಗೆ ಕೆಳಗೆ ಬರಲೇಬೇಕು. ಹತ್ತು ಗಂಟೆಗೆ ಹೊರಟವರು ವಾಪಸ್ ಹಳ್ಳಕ್ಕೆ ಬರುವಾಗ ಕತ್ತಲು, ಹಳ್ಳನೂ ತುಂಬಿರುತ್ತೆ. ಗುರುವಾರ ರಾತ್ರಿ ಬಸ್ ಹತ್ತಿ, ಶುಕ್ರವಾರ ಮುಳ್ಳೋಡಿಯಲ್ಲಿ ಉಳ್ಕೊಳ್ಳಿ, ಶನಿವಾರ ಬೆಳಕು ಹರಿಯುವಾಗ ಹೊರಡಿ. ಒಂದು ದಿನ ರಜೆ ಹೋಗುತ್ತೆ, ಹೋಗ್ಲಿ.

ಹಳ್ಳದ ವಿಷಯ. ದಾರಿಯಲ್ಲಿ ಸಣ್ಣದು ದೊಡ್ಡದು ಎಲ್ಲಾ ಸೇರಿ ಬೇಕಾದಷ್ಟು ಸಿಗ್ತವೆ. ಬೇಸಿಗೆಯಲ್ಲಿ ನಾವು ಅವನ್ನ ಹಳ್ಳ ಅಂತ ಲೆಕ್ಕಕ್ಕೇ ತಗೊಳ್ಳೋದಿಲ್ಲ, ಕಲ್ಲಿಂದ ಕಲ್ಲಿಗೆ ಕಾಲಿಟ್ಟು ಚಪ್ಪಲಿ ಒದ್ದೆ ಆಗದ ಹಾಗೆ ದಾಟ್ತೇವೆ. ಜುಲೈನಲ್ಲಿ ಅದೇ ಜಾಗ ಬೆಳಗ್ಗೆ ಮೊಣಕಾಲಿಗೆ ಇದ್ದದ್ದು ಮಧ್ಯಾಹ್ನ ಸೊಂಟಕ್ಕೆ ಬರುತ್ತೆ. ಅರಬ್ಬಿ ಸಮುದ್ರದಿಂದ ಬಂದ ಮೋಡಕ್ಕೆ ಮೊದ್ಲು ಅಡ್ಡ ಸಿಗೋದೇ ನಮ್ಮ ಈ ಗುಡ್ಡದ ಸಾಲು, 1894 ಮೀಟರ್ ಎತ್ತರದಲ್ಲಿ ಒಂದು ಜಡಿಮಳೆ ಹೊಡೆದ್ರೆ ಆ ಹುಲ್ಲುಗಾವಲಿನ ಇಳಿಜಾರಿನ ಮೇಲೆ ನೀರು ನಿಲ್ಲೋಕೆ ಜಾಗ ಎಲ್ಲಿದೆ ಹೇಳಿ, ಎಲ್ಲಾ ಸೀದಾ ಶೋಲಾ ಕಾಡಿನ ಸಂದಿಗೆ ಇಳಿದು ಹಳ್ಳಕ್ಕೇ ಬರೋದು. ಜನ ಮೋಸ ಹೋಗೋದು ಎಲ್ಲಿ ಅಂದ್ರೆ, ಹಳ್ಳದ ಹತ್ರ ಮಳೆ ಇರಲ್ಲ, ಬಿಸಿಲೂ ಬಂದಿರಬಹುದು, ಆದ್ರೆ ಮೇಲೆ ಅರ್ಧ ಗಂಟೆ ಮೊದ್ಲು ಸುರಿದದ್ದು ಈಗ ಕೆಳಗೆ ಬರ್ತಾ ಇರುತ್ತೆ.

ನಮ್ಮ ಮಾವ ಒಂದು ಕೆಲಸ ಮಾಡ್ತಾರೆ, ನೀವೂ ಮಾಡಿ. ಬೆಳಗ್ಗೆ ಹಳ್ಳ ದಾಟಿದ ಕೂಡ್ಲೇ ನೀರಿನ ಅಂಚಲ್ಲಿ, ಎರಡು ಕಲ್ಲಿನ ಮಧ್ಯೆ, ಮೊಣಕಾಲಷ್ಟು ಉದ್ದದ ಒಂದು ಕೋಲು ಊರ್ತಾರೆ, ಅದಕ್ಕೆ ಚಾಕುವಲ್ಲಿ ಎರಡು ಕಚ್ಚು ಹಾಕಿರ್ತಾರೆ. ಮುಂದೆ ಹೋಗಿ ತಿಂಡಿಗೆ ಕೂರೋ ಮೊದ್ಲು ಯಾರಾದ್ರೂ ಒಬ್ಬರನ್ನ ವಾಪಸ್ ಕಳಿಸಿ ನೋಡಿಸ್ತಾರೆ. ಕೆಳಗಿನ ಕಚ್ಚು ಮುಳುಗಿದ್ರೆ ನಡಿಗೆ ಜೋರು ಮಾಡ್ತಾರೆ, ಮೇಲಿನದೂ ಮುಳುಗಿದ್ರೆ ಅಲ್ಲಿಂದಲೇ ತಿರುಗ್ತಾರೆ. ಎಷ್ಟೋ ಜನ ಅವರ ಹತ್ರ ಜಗಳ ಆಡಿದ್ದಾರೆ, ಇಷ್ಟು ದೂರ ಬಂದಿದ್ದೇವೆ, ದುಡ್ಡು ಕೊಟ್ಟಿದ್ದೇವೆ ಅಂತ. ಅವರು ಬಗ್ಗೋದಿಲ್ಲ.

ಗೈಡ್ ಕಡ್ಡಾಯ ಹೇಗೂ ಇದೆ, ಆದ್ರೆ ಗೈಡ್ "ಸಾಕು" ಅಂದಾಗ ಆರೂ ಜನ ಒಪ್ಪಬೇಕು, ಅದನ್ನ ಬೆಂಗಳೂರಲ್ಲೇ ಮಾತಾಡ್ಕೊಂಡು ಬನ್ನಿ. ಇನ್ನೊಂದು, ಟ್ರೆಕ್ ಆದ್ಮೇಲೆ ಹೊರನಾಡಿಗೆ ಹೋಗೋ ಯೋಚನೆ ಇದ್ರೆ ಹೆಬ್ಬಾಳೆ ಸೇತುವೆ ಮುಳುಗಿದೆಯಾ ಅಂತ ಕಳಸದಲ್ಲಿ ಕೇಳಿ ಹೊರಡಿ, ಭದ್ರೆ ತುಂಬಿದಾಗೆಲ್ಲ ಅದು ನೀರೊಳಗೆ ಹೋಗುತ್ತೆ, ಆಗ ಬೇರೆ ದಾರಿ ಸುತ್ತಿ ಬರ್ಬೇಕು.

ನಡಿಗೆ_ನನ್ನಿಷ್ಟ

ಮೇಲಿನ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ಹಳ್ಳದ ಪಾಠ ನಾನು ಕಲಿತದ್ದು ಕಷ್ಟಪಟ್ಟು, ಅದನ್ನ ಹೇಳ್ಬಿಡ್ತೀನಿ, ನಿಮಗೆ ಉಪಯೋಗ ಆಗ್ಲಿ.

ನಾಲ್ಕು ವರ್ಷದ ಹಿಂದೆ ಆಗಸ್ಟಲ್ಲಿ ಸಕಲೇಶಪುರದ ಕಡೆ ಒಂದು ಟ್ರೆಕ್‌ಗೆ ಹೋಗಿದ್ವಿ, ವೀಕೆಂಡ್ ಟ್ರಿಪ್ ಮಾಡಿಸೋ ಒಂದು ಟೀಮ್ ಜೊತೆ, ನಲವತ್ತಕ್ಕೂ ಹೆಚ್ಚು ಜನ, ಲೀಡರ್‌ಗಳು ಇಬ್ಬರು, ಇಬ್ಬರೂ ಆ ಜಾಗಕ್ಕೆ ಹೊಸಬರು ಅಂತ ಆಮೇಲೆ ಗೊತ್ತಾಯ್ತು. ಹೋಗುವಾಗ ಎರಡು ಹಳ್ಳ ದಾಟಿದ್ವಿ, ನಗ್ತಾ ಫೋಟೋ ತೆಗೀತಾ. ಬರುವಾಗ ಮೊದಲನೇದು ಹೆಂಗೋ ದಾಟಿದ್ವಿ, ಎರಡನೇದಕ್ಕೆ ಬಂದ್ರೆ ನೀರು ಚಹಾ ಬಣ್ಣಕ್ಕೆ ತಿರುಗಿ ಉಕ್ತಾ ಇದೆ, ಕೊಂಬೆ ತೇಲಿ ಬರ್ತಾ ಇದೆ, ಹಿಂದೆ ಹೋಗೋಣ ಅಂದ್ರೆ ಮೊದಲನೇದೂ ಏರಿತ್ತು. ಎರಡು ಹಳ್ಳದ ಮಧ್ಯದ ಒಂದು ಸಣ್ಣ ದಿಬ್ಬದ ಮೇಲೆ ಮೂರೂವರೆ ಗಂಟೆ ನಿಂತ್ವಿ, ಮಳೆ ಒಂದು ನಿಮಿಷ ನಿಲ್ಲಲಿಲ್ಲ.

ನೀರಿಗಿಂತ ಹೆಚ್ಚು ಹೆದರಿಸಿದ್ದು ಚಳಿ. ನನ್ನ ಫ್ರೆಂಡ್ ಒಬ್ಬ ಜೀನ್ಸ್ ಮತ್ತೆ ಕಾಟನ್ ಟೀ ಶರ್ಟಲ್ಲಿ ಬಂದಿದ್ದ. ಮೊದ್ಲು ನಡುಗ್ತಾ ಇದ್ದ, ಆಮೇಲೆ ನಡುಗೋದು ನಿಂತೋಯ್ತು, ನಾವು ಪರ್ವಾಗಿಲ್ಲ ಸರಿ ಹೋದ ಅಂದ್ಕೊಂಡ್ವಿ, ಅದು ಸರಿ ಹೋಗೋ ಲಕ್ಷಣ ಅಲ್ಲ ಅಂತ ಗೊತ್ತಿದ್ದದ್ದು ಗುಂಪಲ್ಲಿದ್ದ ಒಬ್ಬ ನರ್ಸ್ ಅಕ್ಕನಿಗೆ ಮಾತ್ರ. ಮಾತು ತೊದಲ್ತಾ ಇತ್ತು, ಬ್ಯಾಗಿನ ಜಿಪ್ ಹಿಡಿಯೋಕೆ ಬೆರಳು ಬರ್ತಿರ್ಲಿಲ್ಲ. ಆ ಅಕ್ಕ ಒದ್ದೆ ಬಟ್ಟೆ ಬಿಚ್ಚಿಸಿ, ಯಾರದೋ ಬ್ಯಾಗಲ್ಲಿ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಒಣಗಿದ್ದ ಒಂದು ಸ್ವೆಟರ್ ಹಾಕಿಸಿ, ಮೇಲೆ ದೊಡ್ಡ ಕಸದ ಕವರ್ ತೂತು ಮಾಡಿ ತೊಡಿಸಿ, ಬೆಲ್ಲ ತಿನ್ನಿಸಿ, ನಾವು ನಾಲ್ಕು ಜನ ಅವನನ್ನ ಮಧ್ಯೆ ಇಟ್ಕೊಂಡು ಒತ್ತಿ ಕೂತ್ವಿ. ಸಂಜೆ ಊರಿನವರು ಇಬ್ಬರು ಹಗ್ಗ ತಗೊಂಡು ಬಂದು ಇನ್ನೂ ಮೇಲ್ಗಡೆ ಅಗಲ ಇರೋ ಜಾಗದಿಂದ ಒಬ್ಬೊಬ್ಬರನ್ನ ಕೈ ಹಿಡಿದು ದಾಟಿಸಿದ್ರು. ದುಡ್ಡು ಕೊಡೋಕೆ ಹೋದ್ರೆ ತಗೊಳ್ಲಿಲ್ಲ.

ಅವತ್ತಿಂದ ನಾನು ಜೀನ್ಸ್ ಹಾಕಿದವರನ್ನ ಟ್ರೆಕ್ಕಿಗೆ ಕರ್ಕೊಂಡು ಹೋಗಲ್ಲ. ಬೇಗ ಒಣಗೋ ಟ್ರ್ಯಾಕ್ ಪ್ಯಾಂಟ್, ಬ್ಯಾಗಿನ ಒಳಗೇ ಒಂದು ದೊಡ್ಡ ಪ್ಲಾಸ್ಟಿಕ್ ಕವರ್, ಅದರೊಳಗೆ ಒಂದು ಜೊತೆ ಒಣ ಬಟ್ಟೆ, ಅದನ್ನ ಏನೇ ಆದ್ರೂ ವಾಪಸ್ ಬರೋವರೆಗೂ ಮುಟ್ಟಬಾರದು. ಹೊರಗಡೆ ಹಾಕೋ ರೈನ್ ಕವರನ್ನ ನಂಬ್ಕೋಬೇಡಿ, ಬೆನ್ನಿನ ಕಡೆಯಿಂದ ನೀರು ಇಳಿದೇ ಇಳಿಯುತ್ತೆ.

ದಾಟುವಾಗ ಬ್ಯಾಗಿನ ಸೊಂಟದ ಬೆಲ್ಟು, ಎದೆ ಬೆಲ್ಟು ಎರಡೂ ಬಿಚ್ಚಿರಬೇಕು, ಜಾರಿದ್ರೆ ಬ್ಯಾಗ್ ಬಿಟ್ಟುಬಿಡೋಕೆ. ಶೂ ಬಿಚ್ಚಬೇಡಿ, ಪಾಚಿ ಕಲ್ಲಿನ ಮೇಲೆ ಬರಿಗಾಲು ನಿಲ್ಲಲ್ಲ. ಮುಖ ನೀರು ಬರೋ ಕಡೆಗೆ, ಕೋಲು ಮುಂದೆ ಊರಿ ಅಡ್ಡಡ್ಡ ಹೆಜ್ಜೆ, ಒಂದು ಕಾಲು ಗಟ್ಟಿಯಾಗಿ ನಿಂತ್ಮೇಲೆ ಇನ್ನೊಂದು. ಈಜು ಬರದವರನ್ನ ಮಧ್ಯೆ ಹಾಕಿ ಮೂರು ಮೂರು ಜನ ತೋಳು ಹಿಡ್ಕೊಂಡು ದಾಟಿ. ಹಳ್ಳ ಕಿರಿದಾಗಿರೋ ಕಡೆ ಬೇಗ ದಾಟ್ಬಹುದು ಅನ್ಸುತ್ತೆ, ಆದ್ರೆ ಸೆಳವು ಜಾಸ್ತಿ ಇರೋದು ಅಲ್ಲೇ, ಅಗಲವಾಗಿ ಹರಡಿರೋ ಜಾಗ ಹುಡುಕಿ. ಕೆಳಗಡೆ ಸ್ವಲ್ಪ ದೂರದಲ್ಲೇ ಫಾಲ್ಸ್ ಇದ್ರೆ ಪಾದ ಮುಳುಗೋಷ್ಟೇ ನೀರಿದ್ರೂ ಅಲ್ಲಿ ದಾಟ್ಬೇಡಿ. ಮತ್ತೆ ನೀರು ಮೊಣಕಾಲು ದಾಟಿ ಜೋರಾಗಿ ಹರೀತಿದ್ರೆ ಈಜು ಬರುತ್ತೆ ಅನ್ನೋದೂ ಅಲ್ಲಿ ಕೆಲಸಕ್ಕೆ ಬರಲ್ಲ, ನಿಮ್ಮ ಫ್ರೆಂಡ್‌ಗೆ ಇದನ್ನ ಹೇಳಿ, ಈಜು ಬರಲ್ಲ ಅಂತ ಅವರೊಬ್ಬರೇ ಕುಗ್ಗೋದು ಬೇಡ.

ತುಂಗೆ_ಮಗಳು

ನಮ್ಮೂರು ತೀರ್ಥಹಳ್ಳಿ ಹತ್ರ. ಜಿಗಣೆ ಬಗ್ಗೆ ನಾನು ಹೇಳ್ತೀನಿ. ನಮ್ಮ ಕಡೆ ಅದಕ್ಕೆ ಇಂಬಳ ಅಂತೀವಿ, ಮಳೆ ಹಿಡೀತು ಅಂದ್ರೆ ತೋಟಕ್ಕೆ ಹೋಗಿ ಬಂದವರ ಕಾಲು ನೋಡೋದೇ ಒಂದು ಕೆಲಸ. ನಮ್ಮ ಅಜ್ಜಿ ಹೊಗೆಸೊಪ್ಪು, ಸುಣ್ಣ ಸೇರಿಸಿ ಬಟ್ಟೆಯಲ್ಲಿ ಗಂಟು ಕಟ್ಟಿ ಕೋಲಿನ ತುದಿಗೆ ಸಿಕ್ಕಿಸಿಕೊಳ್ತಿದ್ರು, ಇಂಬಳ ಕಂಡ್ರೆ ಒಂದ್ಸಲ ಮುಟ್ಟಿಸೋದು, ಅದು ಮುದುಡಿ ಬಿದ್ದುಹೋಗೋದು. ಉಪ್ಪಿನ ಗಂಟೂ ಆಗುತ್ತೆ, ಆದ್ರೆ ಜೋರು ಮಳೆಯಲ್ಲಿ ಉಪ್ಪು ಕರಗಿ ಖಾಲಿ. ಈಗ ಮೊಣಕಾಲವರೆಗೆ ಬರೋ ಒತ್ತು ನೇಯ್ಗೆಯ ಲೀಚ್ ಸಾಕ್ಸ್ ಸಿಗುತ್ತೆ, ಪ್ಯಾಂಟನ್ನ ಅದರೊಳಗೆ ಸೇರಿಸಿ ಮೇಲೆ ಬೇವಿನೆಣ್ಣೆ ಸವರಿ. ಸಾಮಾನ್ಯವಾಗಿ ಜನ ತಪ್ಪು ಮಾಡೋದು ನಿಲ್ಲೋದ್ರಲ್ಲಿ. ಕಾಡೊಳಗೆ ಒದ್ದೆ ಎಲೆ ಮೇಲೆ ಐದು ನಿಮಿಷ ಫೋಟೋಗೆ ನಿಂತ್ರೆ ಎಲ್ಲಾ ಕಡೆಯಿಂದ ಹತ್ತುತ್ತವೆ, ನಿಲ್ಲೋದಾದ್ರೆ ಬಂಡೆ ಮೇಲೆ ಅಥವಾ ಬಯಲಲ್ಲಿ ನಿಂತ್ಕೊಳ್ಳಿ.

ಹತ್ತಿದ್ರೆ ಕಿತ್ತು ಎಳೀಬೇಡಿ, ಬೆಂಕಿಕಡ್ಡಿ ಇಡಬೇಡಿ. ಅದರ ತೆಳ್ಳಗಿನ ಬಾಯಿ ಪಕ್ಕ ಉಗುರು ಚರ್ಮಕ್ಕೆ ತಾಗಿಸಿ ಅಡ್ಡಕ್ಕೆ ಜಾರಿಸಿದ್ರೆ ಬಿಡುತ್ತೆ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಹಿರುಡಿನ್ ಅನ್ನೋದು ಅದರ ಜೊಲ್ಲಲ್ಲಿ ಇರುತ್ತೆ, ಅದಕ್ಕೇ ಅದು ಬಿಟ್ಮೇಲೂ ತುಂಬಾ ಹೊತ್ತು ರಕ್ತ ಸೋರುತ್ತೆ, ಬಿಳಿ ಸಾಕ್ಸ್ ಕೆಂಪಾಗೋದು ನೋಡಿ ಹೊಸಬರು ಅಳ್ತಾರೆ. ಸೋಪು ನೀರಲ್ಲಿ ತೊಳೆದು ಬಟ್ಟೆ ಒತ್ತಿ ಹಿಡಿದ್ರೆ ಸಾಕು, ಕೆರೀಬೇಡಿ. ಯಾರಾದ್ರೂ ರಕ್ತ ತೆಳುವಾಗೋ ಮಾತ್ರೆ ತಗೊಳ್ತಿದ್ರೆ ಮಾತ್ರ ಡಾಕ್ಟರನ್ನ ಕೇಳಿಯೇ ಬರಲಿ.

ಅಮ್ಮಂದಿರು ಮಂಗನ ಕಾಯಿಲೆ ಬಗ್ಗೆಯೂ ಕೇಳ್ತಾರೆ, ನಮ್ಮ ಜಿಲ್ಲೆ ಹೆಸರು ಹೇಳಿದ್ರೆ ಸಾಕು ಅದೇ ಮಾತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮೊದ್ಲು ಗೊತ್ತಾದ ಕಾಯಿಲೆ ಅದು, ಹರಡೋದು ಉಣುಗಿನಿಂದ, ಜಿಗಣೆಯಿಂದ ಅಲ್ಲ. ಅದರ ಕಾಟ ಚಳಿಗಾಲದಿಂದ ಬೇಸಿಗೆ ಕೊನೆವರೆಗೆ, ಜಡಿಮಳೆ ಹಿಡಿದ ಮೇಲೆ ಕಮ್ಮಿ. ಮಳೆಗಾಲದಲ್ಲಿ ನೋಡ್ಕೋಬೇಕಾದ್ದು ಇಲಿ ಜ್ವರ. ಕಾಲಲ್ಲಿ ಗಾಯ ಇದ್ರೆ ಪ್ಲಾಸ್ಟರ್ ಹಾಕಿ ನೀರಿಗಿಳೀರಿ, ಊರಿಗೆ ಹೋದ್ಮೇಲೆ ಎರಡು ಮೂರು ವಾರದೊಳಗೆ ಜ್ವರ, ಮೀನಖಂಡ ನೋವು ಬಂದ್ರೆ ಮಲೆನಾಡಲ್ಲಿ ಟ್ರೆಕ್ ಮಾಡಿದ್ದೆ ಅಂತ ಡಾಕ್ಟರ್ ಹತ್ರ ಮರೀದೆ ಹೇಳಿ.

ಈಜು ಬರದ ಹುಡುಗಿಗೆ ನನ್ನ ಕಡೆಯಿಂದ ಹೇಳಿ, ಹೆದರಿಕೆ ಇರೋರು ಗುಂಪಲ್ಲಿ ಒಬ್ಬರು ಇರಲೇಬೇಕು, ಅವಳು ಬೇಡ ಅಂದ ಕಡೆ ಉಳಿದವರೂ ನಿಂತ್ಕೊಳ್ಳಿ.

ಗೇರ್_ನಂ5

ಗುರು ಇಷ್ಟೆಲ್ಲಾ ಹೆದರ್ಸಿದ್ರೆ ಯಾರೂ ಹೋಗಲ್ಲ. ನಾನು ಮೂರು ಮಳೆಗಾಲ ಬೇರೆ ಬೇರೆ ಕಡೆ ಹೋಗಿದೀನಿ, ಎಲ್ಲಾ ಕಡೆ ಫಾಲ್ಸ್ ಕೆಳಗೆ ನಿಂತು ಸ್ನಾನ ಮಾಡಿದೀವಿ, ಏನೂ ಆಗಿಲ್ಲ. ಮಳೆಗಾಲದ ಮಜಾನೇ ಅದು.

ಭದ್ರೆ_ದಂಡೆ

ಹೋಗಬೇಡಿ ಅಂತ ನಾನು ಹೇಳ್ಲಿಲ್ಲ, ಬನ್ನಿ ಅಂತಲೇ ಹೇಳ್ತಾ ಇರೋದು. ನಮ್ಮ ಗುಡ್ಡ ನೋಡಬೇಕಾದ್ದೇ ಮಳೆಯಲ್ಲಿ. ಬೇಸಿಗೆಯಲ್ಲಿ ಕಂದು ಬಣ್ಣಕ್ಕೆ ತಿರುಗಿದ ಹುಲ್ಲು ಆಗ ಸೊಂಟದವರೆಗೆ ಹಸಿರಾಗಿ ಗಾಳಿಗೆ ಅಲೆ ಅಲೆಯಾಗಿ ಮಲಗಿ ಏಳುತ್ತೆ, ಮಂಜು ಒಂದು ನಿಮಿಷ ಸರಿದ್ರೆ ಎದುರಿನ ಗುಡ್ಡದಲ್ಲಿ ಏಳೆಂಟು ಬಿಳಿ ಗೆರೆ ಕಾಣ್ತದೆ, ಎಲ್ಲಾ ಅವತ್ತು ಹುಟ್ಟಿದ ಜಲಪಾತಗಳು, ಹೆಸರಿಲ್ಲ.

ಫಾಲ್ಸ್ ಕೆಳಗೆ ನಿಂತಾಗ ಮೇಲೆ ಏನಾಗ್ತಿದೆ ಅಂತ ಕಾಣೋದಿಲ್ಲ, ಸದ್ದಲ್ಲಿ ಕೂಗಿದ್ರೂ ಕೇಳೋದಿಲ್ಲ, ನೀರಿನ ಜೊತೆ ಕಲ್ಲು, ಮರದ ತುಂಡು ಬರ್ತದೆ, ಮೂರು ಸಲ ಬರಲಿಲ್ಲ ಅಂದ್ರೆ ನಾಲ್ಕನೇ ಸಲ ಬರೋದಿಲ್ಲ ಅಂತ ಅಲ್ಲ. 2023ರ ಜುಲೈನಲ್ಲಿ ಕೊಲ್ಲೂರು ಹತ್ರ ಅರಿಶಿನಗುಂಡಿಯಲ್ಲಿ ಬಂಡೆ ತುದಿಯಲ್ಲಿ ನಿಂತಿದ್ದ ಹುಡುಗ ಜಾರಿದ ವಿಡಿಯೋ ನೀವೂ ನೋಡಿರ್ತೀರಿ, ಎಷ್ಟೋ ದಿನ ಹುಡುಕಿದ ಮೇಲೆ ದೇಹ ಸಿಕ್ಕಿದ್ದು. ಅವನೂ ಫ್ರೆಂಡ್ ಜೊತೆ ಮಳೆ ನೋಡೋಕೇ ಹೋದವನು. ನೀರಾಡಲೇಬೇಕು ಅಂದ್ರೆ ಹೋಮ್‌ಸ್ಟೇಯವರು ಬಚ್ಚಲ ಒಲೆಯಲ್ಲಿ ಕಾಯಿಸಿದ ಬಿಸಿನೀರು ಕೊಡ್ತಾರೆ, ಇಡೀ ದಿನ ನೆಂದು ಬಂದ ಮೈಗೆ ಅದು ಯಾವ ಫಾಲ್ಸಿಗೂ ಕಮ್ಮಿ ಇಲ್ಲ.

ಗೇರ್_ನಂ5

ಆ ವಿಡಿಯೋ ನೋಡಿದೀನಿ ಅಣ್ಣ. ಅದು ನೆನಪಿಗೆ ಬಂದಿರ್ಲಿಲ್ಲ. ಸರಿ, ಒಪ್ಪಿದೆ.

ಹಾಸನದ_ಆರು

ಮೂರು ವಾರ ಆದ್ಮೇಲೆ ಬರೀತಿದೀನಿ, ತಡ ಆಯ್ತು ಕ್ಷಮಿಸಿ. ಹೋಗಿ ಬಂದ್ವಿ, ಆರೂ ಜನ ಕ್ಷೇಮ.

ನೀವು ಹೇಳಿದ ಹಾಗೆ ಗುರುವಾರ ರಾತ್ರಿನೇ ಹೊರಟ್ವಿ, ಕೊಟ್ಟಿಗೆಹಾರದಲ್ಲಿ ಬಸ್ ನಿಂತಾಗ ಮಂಜಲ್ಲಿ ಎದುರಿಗಿರೋ ಅಂಗಡಿ ಬೋರ್ಡೂ ಕಾಣ್ತಿರ್ಲಿಲ್ಲ. ಫ್ರೆಂಡ್ ಅಮ್ಮನಿಗೆ ಈ ಥ್ರೆಡ್ ಪೂರ್ತಿ ಓದಿ ಹೇಳಿದ್ವಿ, ಅವರು ಕೇಳಿದ್ದು ಒಂದೇ ಮಾತು, "ವಾಪಸ್ ಬನ್ನಿ ಅಂದ್ರೆ ಬರ್ತೀರಲ್ಲಾ?" ಬರ್ತೀವಿ ಅಂತ ಆರೂ ಜನ ಒಬ್ಬೊಬ್ಬರಾಗಿ ಫೋನಲ್ಲಿ ಮಾತು ಕೊಟ್ಟ ಮೇಲೆ ಬಿಟ್ರು.

ಶನಿವಾರ ಬೆಳಗ್ಗೆ ಆರೂವರೆಗೆ ನಡೆಯೋಕೆ ಶುರು. ನಮಗೆ ಸಿಕ್ಕ ಗೈಡ್ ಅಣ್ಣನಿಗೆ ಕೋಲಿನ ವಿಷಯ ಹೇಳಿದ್ರೆ ನಕ್ಕು, "ಯಾರು ಹೇಳಿದ್ದು ನಿಮಗೆ" ಅಂತ ಅವರೇ ಕತ್ತಿ ತೆಗೆದು ಒಂದು ಕೊಂಬೆ ಕಡಿದು ಕಚ್ಚು ಹಾಕಿ ದೊಡ್ಡ ಹಳ್ಳದ ಅಂಚಲ್ಲಿ ಊರಿದ್ರು. ಆಗ ನೀರು ಮೊಣಕಾಲಿಗಿಂತ ಕೆಳಗೆ, ತಿಳಿಯಾಗಿತ್ತು, ತಳದ ಕಲ್ಲು ಕಾಣ್ತಿತ್ತು. ಮೂರು ಮೂರು ಜನ ತೋಳು ಹಿಡಿದು ದಾಟಿದ್ವಿ, ಈಜು ಬರದ ನಮ್ಮ ಫ್ರೆಂಡ್ ಕಣ್ಣು ಮುಚ್ಚಿಕೊಂಡೇ ದಾಟಿದ್ಳು, ಆ ಕಡೆ ದಡದಲ್ಲಿ ಕೂತು ಐದು ನಿಮಿಷ ಸುಮ್ನೆ ನೀರು ನೋಡ್ತಾ ಇದ್ಳು.

ಒಂಟಿಮರ ದಾಟಿ ಬಯಲಿಗೆ ಬಂದಾಗ ಗಾಳಿ ಹೆಂಗಿತ್ತು ಅಂದ್ರೆ ಪಕ್ಕದಲ್ಲಿರೋರ ಮಾತು ಕೇಳ್ಸಲ್ಲ, ಮಳೆ ಅಡ್ಡಡ್ಡ ಹೊಡೀತಿತ್ತು, ಮುಖಕ್ಕೆ ರವೆ ಎರಚಿದ ಹಾಗೆ. ಗೈಡ್ ಅಣ್ಣ ನಿಂತು ಮೇಲೆ ನೋಡಿದ್ರು, ನೋಡೋಕೆ ಬರೀ ಬಿಳಿ, ಆದ್ರೆ ಅವರಿಗೆ ಏನೋ ಕೇಳ್ತಿತ್ತು ಅನ್ಸುತ್ತೆ. "ಸಾಕು, ಇಲ್ಲಿಂದ ತಿರುಗೋಣ" ಅಂದ್ರು. ತುದಿಗೆ ಇನ್ನು ಒಂದೂವರೆ ಗಂಟೆ ದಾರಿ ಅಷ್ಟೇ. ನಮ್ಮಲ್ಲಿ ಒಬ್ಬನಿಗೆ ಕಣ್ಣಲ್ಲಿ ನೀರು ಬಂತು, ಅವನು ಮುಂದಿನ ತಿಂಗಳು ಜರ್ಮನಿಗೆ ಹೋಗ್ತಿದಾನೆ, ಮತ್ತೆ ಯಾವಾಗ ಬರ್ತಾನೋ ಗೊತ್ತಿಲ್ಲ. ಯಾರೂ ವಾದ ಮಾಡ್ಲಿಲ್ಲ. ಅವನೇ ಮೊದ್ಲು ತಿರುಗಿದ.

ಹಳ್ಳಕ್ಕೆ ವಾಪಸ್ ಬಂದಾಗ ಇನ್ನೂ ಮಧ್ಯಾಹ್ನ ಒಂದು ಗಂಟೆ. ಬೆಳಗ್ಗೆ ತಿಳಿಯಾಗಿದ್ದ ನೀರು ಕೆಂಪಾಗಿತ್ತು, ಎಲೆ, ಕಡ್ಡಿ ಸುತ್ತುತ್ತಾ ಬರ್ತಿತ್ತು. ಕೋಲಿನ ಕೆಳಗಿನ ಕಚ್ಚು ಕಾಣಿಸ್ಲಿಲ್ಲ, ಮೇಲಿನದಕ್ಕೆ ನಾಲ್ಕು ಬೆರಳಷ್ಟು ಬಾಕಿ ಇತ್ತು, ಕೋಲು ಸೆಳವಿಗೆ ನಡುಗ್ತಾ ಇತ್ತು. ಗೈಡ್ ಅಣ್ಣ ಸ್ವಲ್ಪ ಮೇಲ್ಗಡೆ ಹರಡಿಕೊಂಡಿರೋ ಜಾಗ ತೋರಿಸಿದ್ರು, ಅಲ್ಲಿ ಮೊಣಕಾಲು ಮುಟ್ಟೋ ನೀರಲ್ಲಿ ದಾಟಿದ್ವಿ. ಈ ಸಲ ಅವಳು ಕಣ್ಣು ತೆರೆದೇ ದಾಟಿದ್ಳು.

ನಮ್ಮ ಹಿಂದೆ ಹತ್ತು ಹನ್ನೆರಡು ಜನರ ಇನ್ನೊಂದು ಗುಂಪು ಬರ್ಬೇಕಿತ್ತು, ನಾವು ತಿರುಗಿದಾಗ ಅವರು ನಮಗಿಂತ ಮೇಲಿದ್ರು. ಅವರು ಮುಳ್ಳೋಡಿಗೆ ಬಂದಿದ್ದು ರಾತ್ರಿ ಎಂಟು ಗಂಟೆ ಆದ್ಮೇಲೆ, ಊರಿನವರು ಟಾರ್ಚ್, ಹಗ್ಗ ತಗೊಂಡು ಹೋಗಿ ಕರ್ಕೊಂಡು ಬಂದ್ರು. ಆ ಹೊತ್ತಿಗೆ ನಾವು ಬಿಸಿನೀರು ಸ್ನಾನ ಮಾಡಿ, ಅಕ್ಕಿ ರೊಟ್ಟಿ ಕಳಲೆ ಪಲ್ಯ ತಿಂದು ಒಲೆ ಮುಂದೆ ಕೂತಿದ್ವಿ. ಅವರು ಬರೋವರೆಗೂ ನಮ್ಮಲ್ಲಿ ಯಾರಿಗೂ ಮಾತಾಡೋಕೆ ಮನಸ್ಸು ಬರ್ಲಿಲ್ಲ, ಬಾಗಿಲ ಕಡೆನೇ ನೋಡ್ತಿದ್ವಿ. ಎಲ್ಲರೂ ಬಂದ್ರು ಅಂತ ಗೊತ್ತಾದ್ಮೇಲೆ ನಿದ್ದೆ.

ಇಂಬಳ ನನಗೆ ಹನ್ನೊಂದು ಹತ್ತಿದ್ವು. ಬೇವಿನೆಣ್ಣೆ ಹಚ್ಚಿದವರಿಗೆ ಎರಡೋ ಮೂರೋ ಅಷ್ಟೇ, ನಾನು ಹಚ್ಚಿರ್ಲಿಲ್ಲ.

ಭದ್ರೆ_ದಂಡೆ

ಓದಿ ಮನಸ್ಸು ತಣ್ಣಗಾಯ್ತು ಮಾರಾಯ್ರೆ. ಮಾವನಿಗೂ ಓದಿ ಹೇಳಿದೆ. ಅವರು ಕೇಳ್ತಾ ಇದ್ದಾರೆ, ದಾಟಿದ ಮೇಲೆ ಆ ಕೋಲನ್ನ ಕಿತ್ತು ತಂದ್ರಾ, ಹಿಂದೆ ಬರೋರಿಗೆ ಅಂತ ಅಲ್ಲೇ ಬಿಟ್ರಾ ಅಂತ.

ಹಾಸನದ_ಆರು

ಅಲ್ಲೇ ಬಿಟ್ವಿ. ಗೈಡ್ ಅಣ್ಣ ಕೀಳೋಕೆ ಬಿಡ್ಲಿಲ್ಲ.